ನಾಲ್ಕನೆಯ ಚಿತ್ರ

ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಪೋಸ್ಟ್‌ಮಾಸ್ಟರ್ ಏದುಸಿರು ಬಿಡುತ್ತ ಠಾಣೆಗೆ ಬಂದರು. ಹನ್ನೊಂದಕ್ಕೆ ಬಿಡುಗಡೆಯಾಗಬೇಕಿದ್ದ ಹೊಸ ಅಂಚೆಚೀಟಿಗಳು ಕಪಾಟಿನಿಂದ ಕಳುವಾಗಿದ್ದವು. ಕಾಡಿನ ಮಹತ್ವ ಸಾರುವ, ನಾಲ್ಕು ಚಿತ್ರಗಳ ಸರಣಿ. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಅಂಚೆ ಕಚೇರಿಗೆ ಹೊರಟರು.

"ಕಾಡಿನ ಚೀಟಿ ಕದ್ದೋನು ಕಾಡಿಗೇ ಓಡಿರ್ತಾನೆ ಸಾರ್," ಎಂದ ಹೆಡ್‌ಕಾನ್‌ಸ್ಟೇಬಲ್. ಯಾರೂ ನಗಲಿಲ್ಲ.

ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಹಕ್ಕಿ, ಹೊಳೆ, ಮುದಿಮರ, ಈ ಮೂರರ ಕಟ್ಟುಗಳು ಹಾಗೆಯೇ ಇದ್ದವು. ಹೋಗಿದ್ದದ್ದು ನಾಲ್ಕನೆಯದು ಮಾತ್ರ.

"ಅದರಲ್ಲೇನಿತ್ತು?"

"ಯಾರೋ ಅರಣ್ಯ ಕಾವಲುಗಾರನ ಮುಖ ಸಾರ್. ಕಾಡು ಕಾಯೋರ ನೆನಪಿಗೆ."

"ಯಾರವನು?"

"ನಾನಿಲ್ಲಿಗೆ ಬಂದು ಎರಡೇ ತಿಂಗಳು. ಗೊತ್ತಿಲ್ಲ."

ಇನ್‌ಸ್ಪೆಕ್ಟರ್ ಹೆಡ್‌ಕಾನ್‌ಸ್ಟೇಬಲ್‌ನನ್ನು ಅರಣ್ಯ ಕಚೇರಿಗೆ ಅಟ್ಟಿದರು. ಹನ್ನೆರಡಕ್ಕೆ ಅವನು ಹಳೆಯ ಕಡತದೊಂದಿಗೆ ಮರಳಿದ. ಮುಖ ಬಿಳಿಚಿಕೊಂಡಿತ್ತು.

"ಆತ ಬದುಕಿಲ್ಲ ಸಾರ್. ಮೂರು ವರ್ಷದ ಹಿಂದೆ ಕಾಡ್ಗಿಚ್ಚು ಆರಿಸೋಕೆ ಹೋಗಿ ಸುಟ್ಟುಹೋದ. ಕಡತದಲ್ಲಿ ಫೋಟೋ ಚೆನ್ನಾಗಿತ್ತಂತೆ, ಚೀಟಿಗೆ ಅಂತ ಕಳಿಸಿಬಿಟ್ರಂತೆ."

"ಮನೆಯವರಿಗೆ ಹೇಳಿದ್ರಾ?"

"ಇಲ್ವಂತೆ. ಹೆಂಡತಿ ಏನು ಕೆಲಸದಲ್ಲಿದ್ದಾಳೆ ನೋಡಿ ಸಾರ್." ಅವನು ಕಡತದ ಕೊನೆಯ ಸಾಲಿನ ಮೇಲೆ ಬೆರಳಿಟ್ಟ: ಅಂಚೆ ಗುಮಾಸ್ತೆ.

ಪೋಸ್ಟ್‌ಮಾಸ್ಟರ್ ಕುರ್ಚಿ ಹಿಡಿದುಕೊಂಡರು. "ನಮ್ಮ ಮೊಹರು ಹೊಡೆಯೋ ಅಕ್ಕ! ನಿನ್ನೆ ಕಟ್ಟು ಬಿಚ್ಚಿದ್ದೂ ಅವರೇ. ಇವತ್ತು ಎಂಟಕ್ಕೇ ಬಂದು, ತಲೆನೋವು ಅಂತ ಹೋದ್ರು."

ಪೊಲೀಸರು ಹೋದಾಗ ಮನೆಯ ಬಾಗಿಲು ತೆರೆದೇ ಇತ್ತು. ಇನ್‌ಸ್ಪೆಕ್ಟರ್ ಹೊಸ್ತಿಲಲ್ಲೇ ಮರಗಟ್ಟಿ ನಿಂತರು. ಮಂಚ, ಮೇಜು, ನೆಲ, ಎಲ್ಲೆಲ್ಲೂ ಚೀಟಿಯ ಹಾಳೆಗಳು. ಸಾವಿರಾರು ಸಲ ಅದೇ ಮುಖ, ಅದೇ ಅರೆನಗು. ನಡುವೆ ಕೂತಿದ್ದ ಮುದುಕಿ ಒಂದೊಂದೇ ಮುಖವನ್ನು ಬೆರಳಿನಿಂದ ಸವರುತ್ತಿದ್ದಳು.

"ಬಾರಪ್ಪ," ಎಂದಳು. "ಒಬ್ನೇ ಮಗ ಅಂತಿದ್ದೆ. ನೋಡು, ಎಷ್ಟು ಜನ ಬಂದಿದ್ದಾನೆ."

ಹೆಡ್‌ಕಾನ್‌ಸ್ಟೇಬಲ್ ಮುಖ ತಿರುಗಿಸಿಕೊಂಡ.

ಒಳಗಿನಿಂದ ಸೊಸೆ ಬಂದಳು. ಓಡಲಿಲ್ಲ, ಅಳಲಿಲ್ಲ.

"ನೀವೇ ತಗೊಂಡ್ರಾ?"

"ಹೌದು."

"ಯಾಕೆ?"

"ಆವತ್ತು ಪೆಟ್ಟಿಗೆ ಬಿಚ್ಚೋಕೆ ಬಿಡ್ಲಿಲ್ಲ ಸಾರ್. ಕರಕಲಾಗಿದೆ, ನೋಡ್ಬೇಡಿ ಅಂದ್ರು. ಅವರ ಮುಖ ನೋಡದೇನೇ ಮಣ್ಣು ಮಾಡಿದ್ವಿ. ನಿನ್ನೆ ಕಟ್ಟು ಬಿಚ್ಚಿದ್ರೆ... ನಗ್ತಾ ಇದ್ರು." ತನ್ನ ಬಲಗೈಯನ್ನು ಪರರದ್ದೆಂಬಂತೆ ನೋಡಿಕೊಂಡಳು. "ಇವತ್ತಿಂದ ಬರೋ ಪ್ರತಿ ಕಾಗದದ ಮೇಲೂ ನಾನೇ ಬಡೀಬೇಕಿತ್ತು. ಕರೀ ಮೊಹರು. ಅವರ ಮುಖದ ಮೇಲೆ."

ಮಧ್ಯಾಹ್ನ ಒಂದೂವರೆಗೆ ಬಂಧನವಾಯಿತು. ಹಾಳೆಗಳನ್ನು ಎಣಿಸಿ ಜಪ್ತಿ ಮಾಡಿದರು. ಒಂದೂ ಕಡಿಮೆ ಇರಲಿಲ್ಲ. ಒಂದನ್ನಾದರೂ ಇಟ್ಟುಕೊಳ್ಳಲೇ ಎಂದು ಮುದುಕಿ ಕೇಳಿದಾಗ ಇನ್‌ಸ್ಪೆಕ್ಟರ್ ಇಲ್ಲವೆಂದು ತಲೆಯಾಡಿಸಿದರು.

ಠಾಣೆಯಲ್ಲಿ ರೈಟರ್ ಪೆನ್ನು ಹಿಡಿದು ಕಾಯುತ್ತಿದ್ದ. "ಕಳುವಿನ ಉದ್ದೇಶ ಏನಂತ ಬರೀಲಿ ಸಾರ್?"

ಇನ್‌ಸ್ಪೆಕ್ಟರ್ ಪೆನ್ನು ಕಿತ್ತುಕೊಂಡು ತಾವೇ ಬರೆದರು: "ಗಂಡನ ಮುಖಕ್ಕೆ ಮಸಿ ಬಳಿಯಲು ಆರೋಪಿಗೆ ಕೈ ಬರಲಿಲ್ಲ."