ಎಡಗಡೆಯ ಬಲ್ಬು

ನಮ್ಮ ಕಾರಿನ ಎಡಗಡೆ ಹೆಡ್‌ಲೈಟಿನ ಬಲ್ಬು ಬ್ಯಾಟರಿಯ ಹಿಂದೆ ಕೂತಿದೆ. ಕಣ್ಣಿಗೆ ಕಾಣುವುದಿಲ್ಲ, ಕೈಯೂ ಸಲೀಸಾಗಿ ಹೋಗುವುದಿಲ್ಲ. ಅದನ್ನು ಯಾವಾಗಲೂ ಯಜಮಾನರೇ ಬದಲಿಸುತ್ತಿದ್ದರು. ಅವರು ತೀರಿಕೊಂಡ ಮರುವರ್ಷ ಅದು ಸುಟ್ಟುಹೋಯಿತು. ಒಂದು ಭಾನುವಾರ ಸಂಜೆ ಮಗಳನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಬಾನೆಟ್ ಎತ್ತಿ ನಾನೇ ಕೈ ಹಾಕಿದೆ.

ಹೊಸ ಬಲ್ಬೇನೋ ಕೂತಿತು. ಅದನ್ನು ಹಿಡಿದಿಡುವ ತಂತಿಯ ಕ್ಲಿಪ್ಪು ಮಾತ್ರ ಜಪ್ಪಯ್ಯ ಅಂದರೂ ಸಿಕ್ಕಲಿಲ್ಲ. ಎರಡು ದಿನದಿಂದ ಓಡಿಸದ ಕಾರು, ಒಳಗೆಲ್ಲ ತಣ್ಣಗಿತ್ತು. ಆ ಸಂದಿಯಲ್ಲಿ ಬೆಚ್ಚಗಿನ ಬೆರಳುಗಳು ನನ್ನ ಬೆರಳನ್ನು ಮೆಲ್ಲಗೆ ಬಲಕ್ಕೆ ಸರಿಸಿದವು. ತುದಿಯಲ್ಲಿ ಗಟ್ಟಿಯಾದ ಆ ಚರ್ಮ ನನಗೆ ಗೊತ್ತಿದ್ದದ್ದೇ. ಕ್ಲಿಪ್ಪು ಟಕ್ಕೆಂದು ಕೂತಿತು.

“ಅಮ್ಮಾ, ಹತ್ತಿತು! ಗೋಡೆ ಮೇಲೆ ಬೆಳಕು ಬಿತ್ತು, ಕೈ ತೆಗಿ,” ಎಂದಳು ಮಗಳು.

“ಇನ್ನೂ ಆಗಿಲ್ಲ ಮರಿ, ಒಂದ್ನಿಮಿಷ ತಡಿ,” ಎಂದು ಸುಳ್ಳು ಹೇಳಿದೆ. ತೋಳು ಜೋಮು ಹಿಡಿಯುವವರೆಗೂ ಹಾಗೇ ನಿಂತಿದ್ದೆ. ಆಮೇಲೆ ಆ ಬೆರಳುಗಳೇ ನನ್ನ ಕೈ ಬಿಟ್ಟವು.

ಇದಾಗಿ ಆರು ವರ್ಷ. ಬಲಗಡೆಯ ಬಲ್ಬು ಮೂರು ಸಲ ಹೋಗಿದೆ. ಎಡಗಡೆಯದೂ ಹೋಗಲಿ ಎಂದು ನಾನು ಹಾಡಹಗಲಲ್ಲೂ ದೀಪ ಉರಿಸಿಕೊಂಡೇ ಓಡಾಡುತ್ತೇನೆ. ಅದು ಇವತ್ತಿಗೂ ಹೋಗಿಲ್ಲ.