ಕೈ ಪರವಾಗಿ, ಟೋಪಿ ವಿರುದ್ಧವಾಗಿ

ಅವಳು ತನ್ನ ಸಮವಸ್ತ್ರದ ಟೋಪಿಯನ್ನು ತೆಗೆದು ಅವನ ಕೈಗಿತ್ತಾಗ, ಅವನು ಅದನ್ನು ಒಯ್ದು ಗೋಡೆಯ ಗೂಟಕ್ಕೆ ಸಿಕ್ಕಿಸಿ ಬಂದನು.

ಪೈಲಟ್‌ಗಳ ವಿಶ್ರಾಂತಿ ಕೊಠಡಿಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಕಾಫಿ ಯಂತ್ರ ತನ್ನಷ್ಟಕ್ಕೆ ಗೊರಗುಟ್ಟುತ್ತಿತ್ತು. ಅವಳು ಗೂಟದ ಮೇಲಿನ ಟೋಪಿಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. ತುಟಿಯ ಒಂದು ಅಂಚು ಮಾತ್ರ ಮೇಲಕ್ಕೆ ಸರಿಯಿತು. ಇನ್ನೊಂದು ಅಂಚು ದೊಡ್ಡವರ ಎದುರಿಗೆ ನಗಬಾರದೆಂದು ತಡೆದು ನಿಂತಿತು.

“ನೇತುಹಾಕೋಕೆ ಕೊಟ್ಟಿದ್ದಲ್ಲ ಕ್ಯಾಪ್ಟನ್. ಎತ್ತೋಕೆ ಕೊಟ್ಟಿದ್ದು.”

“ಎತ್ತೋಕೆ?”

“ನಾಳೆ ಸಂಘದ ಸಭೆ ಇದೆಯಲ್ಲ. ನನಗೆ ಫ್ಲೈಟ್ ಬಿದ್ದಿದೆ.”

ಅದು ಅವರ ಸಂಘದ ಹಳೆಯ ಪದ್ಧತಿ. ಸಭೆಯ ದಿನ ಹಾರಾಟದಲ್ಲಿರುವ ಪೈಲಟ್ ತನ್ನ ಟೋಪಿಯನ್ನು ನಂಬಿಕೆಯ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಬೇಕು. ಆ ಸಹೋದ್ಯೋಗಿ ತನ್ನ ಮತಕ್ಕೆ ಬರಿಗೈಯನ್ನೂ, ಇಲ್ಲದವರ ಮತಕ್ಕೆ ಅವರ ಟೋಪಿಯನ್ನೂ ಎತ್ತಬೇಕು. ಟೋಪಿಗೆ ಬಾಯಿಲ್ಲ. ಅದರ ಒಡೆಯರು ಏನು ಹೇಳಿ ಕಳುಹಿಸಿದ್ದಾರೆಂಬುದು ಕೊಟ್ಟವರಿಗೆ ಮತ್ತು ಪಡೆದವರಿಗೆ ಮಾತ್ರ ಗೊತ್ತು.

“ಪರವೋ, ವಿರೋಧವೋ?”

“ವಿರೋಧ.”

“ನಾನು ಪರ.”

“ಗೊತ್ತು.”

“ಗೊತ್ತಿದ್ದೂ ನನಗೇ ಕೊಡ್ತೀರಾ?”

“ಯಾಕೆ ಅಂತ ಸಭೆ ಮುಗಿದ ಮೇಲೆ ಹೇಳ್ತೀನಿ.” ಅವಳು ಗೂಟದಿಂದ ಟೋಪಿಯನ್ನು ಇಳಿಸಿ, ಎರಡನೆಯ ಸಲ ಅವನ ಕೈಯಲ್ಲಿಟ್ಟಳು. ಈ ಸಲ ಬಿಡುವುದಕ್ಕೆ ಒಂದು ಕ್ಷಣ ತಡಮಾಡಿದಳು. “ವಿರೋಧ ಯಾಕೆ ಅಂತಲೂ ಹೇಳಿಬಿಡ್ತೀನಿ, ಯಾರಾದ್ರೂ ಕೇಳಿದ್ರೆ ಬೇಕಾಗುತ್ತೆ.”

ಹೇಳಿದಳು. ಅವನು ನಿಂತೇ ಕೇಳಿದನು. ಅವಳು ಹೊರಟುಹೋದ ಮೇಲೂ ನಿಂತೇ ಇದ್ದನು.

ಸಹೋದ್ಯೋಗಿಗಳು ಬೆನ್ನ ಹಿಂದೆ ಅವನನ್ನು ‘ಕಲ್ಲು ಕ್ಯಾಪ್ಟನ್’ ಎನ್ನುತ್ತಿದ್ದರು. ಆ ಹೆಸರು ಅವನ ಕಿವಿಗೂ ಬಿದ್ದಿತ್ತು, ಬೇಸರವಾಗಿರಲಿಲ್ಲ. ವರ್ಷಗಳ ಹಿಂದೆ ಹೆಂಡತಿ ಮನೆ ಬಿಟ್ಟು ಹೊರಟಾಗ, ಸೂಟ್‌ಕೇಸುಗಳನ್ನು ಮೆಟ್ಟಿಲಿಳಿಸಿ ಟ್ಯಾಕ್ಸಿಯಲ್ಲಿಟ್ಟು ಬಂದವನು ಅವನೇ. ಅಂದಿನಿಂದ ಯಾವುದೂ ಅವನಿಗೆ ತಟ್ಟುತ್ತಿರಲಿಲ್ಲ. ಊಟ ರುಚಿಯಾಗಿದೆಯೆಂದು ತಿಳಿಯುತ್ತಿತ್ತು, ರುಚಿಸುತ್ತಿರಲಿಲ್ಲ. ಮಲಗುತ್ತಿದ್ದನು, ನಿದ್ದೆ ಬರುತ್ತಿರಲಿಲ್ಲ.

ಅವಳು ಈ ಕಂಪನಿಗೆ ತಡವಾಗಿ ಸೇರಿದ ಕೋ-ಪೈಲಟ್. ಅದಕ್ಕೆ ಮುನ್ನ ಸರಕು ವಿಮಾನಗಳಲ್ಲಿ ವರ್ಷಾನುಗಟ್ಟಲೆ ದುಡಿದಿದ್ದರೂ, ಹಿರಿತನದ ಸಾಲಿನಲ್ಲಿ ಅವಳ ಸ್ಥಾನ ಬಾಲದ ಕಡೆಗೆ. ಅವನ ಪಕ್ಕದ ಆಸನದಲ್ಲಿ ಕುಳಿತ ದಿನ, ವಿಮಾನ ನೆಲ ಬಿಡುವ ಮುನ್ನ ಒಮ್ಮೆ ಮಾತ್ರ ಅವಳು ಓರೆಯಾಗಿ ಅವನತ್ತ ನೋಡುತ್ತಿದ್ದಳು. ಕೆಲಸದ ನೋಟವಲ್ಲ ಅದು; ಇದ್ದೀರಲ್ಲ ಎಂದು ಕೇಳುವಂಥದ್ದು. ಆ ನೋಟದಿಂದ ಅವನಿಗೆ ಹಿತವೆನಿಸುತ್ತಿತ್ತೆಂದು ಹೇಳುವುದು ಸುಳ್ಳಾದೀತು. ಅದಿಲ್ಲದ ದಿನ ಏನೋ ಕಡಿಮೆಯಾಗಿದೆಯೆಂದು ತಿಳಿಯುತ್ತಿತ್ತು, ಅಷ್ಟೆ.

ಮತಕ್ಕೆ ಬಂದಿದ್ದ ಒಪ್ಪಂದ ಇಂಥದ್ದು. ಕಂಪನಿ ಈ ಊರಿನ ನೆಲೆಯನ್ನು ಕುಗ್ಗಿಸಿ, ಕಿರಿಯ ಕೋ-ಪೈಲಟ್‌ಗಳನ್ನು ದೂರದ ಕರಾವಳಿಯ ನೆಲೆಗೆ ವರ್ಗಾಯಿಸಲು ಹೊರಟಿತ್ತು. ಸಂಘದ ಅಧ್ಯಕ್ಷರು ಮಾತುಕತೆ ನಡೆಸಿ ವರ್ಗಾವಣೆಯನ್ನು ತಡೆದಿದ್ದರು. ಬದಲಿಗೆ ವಿಶ್ರಾಂತಿಯನ್ನು ಬಿಟ್ಟುಕೊಟ್ಟಿದ್ದರು. ನಿಲ್ದಾಣದಿಂದ ಹೋಟೆಲಿಗೆ, ಹೋಟೆಲಿನಿಂದ ಮರಳಿ ನಿಲ್ದಾಣಕ್ಕೆ ಬಸ್ಸಿನಲ್ಲಿ ಕಳೆಯುವ ಹೊತ್ತನ್ನೂ ಇನ್ನು ವಿಶ್ರಾಂತಿಯೆಂದೇ ಎಣಿಸತಕ್ಕದ್ದು. ಒಪ್ಪಂದ ಗೆದ್ದರೆ ಅವಳು ಇಲ್ಲೇ ಉಳಿಯುತ್ತಾಳೆ. ಬಿದ್ದರೆ ಹೋಗುತ್ತಾಳೆ.

ಅವನಿಗೆ ಆ ಒಪ್ಪಂದದಲ್ಲಿ ಕಂಡದ್ದು ಇಷ್ಟೇ.

ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಅಕ್ಕ ಆ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ತಮ್ಮನ ಮನೆ ಬರಿದಾದಾಗಿನಿಂದ ಅವನ ಜೊತೆಯಲ್ಲೇ ಇದ್ದರು.

“ಇದು ನಿನ್ನ ತಲೆಗೆ ಹಿಡಿಸೋದಿಲ್ವಲ್ಲೋ.”

“ನನ್ನದಲ್ಲ.”

“ಒಳಗಡೆ ಹೇರ್‌ಪಿನ್ ಸಿಕ್ಕೊಂಡಿರೋದನ್ನ ನೋಡಿ ನನಗೂ ಹಾಗೇ ಅನ್ನಿಸ್ತು.”

“ಮತಕ್ಕೆ ಅಂತ ಕೊಟ್ಟಿದ್ದಾರೆ. ಸಹೋದ್ಯೋಗಿ.”

“ಮತಕ್ಕೆ ಅಂತ ತಂದದ್ದರ ಕೆಳಗೆ ಇಸ್ತ್ರಿ ಮಾಡಿದ ಕರವಸ್ತ್ರ ಹಾಸಿ ಇಡ್ತಾರೇನೋ?”

ಅವನು ನೋಡಿದನು. ಮೇಜಿನ ಮೇಲೆ ಕರವಸ್ತ್ರವಿತ್ತು, ಅವನದೇ. ಅದನ್ನು ಹಾಸಿದ್ದು ಯಾವಾಗಲೆಂದು ನೆನಪಿಗೆ ಬರಲಿಲ್ಲ.

ವಿಷಯವನ್ನೆಲ್ಲ ಕೇಳಿದ ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಅವಳು ಇಲ್ಲೇ ಇರಬೇಕು ಅಂತ ನಿನಗಿದೆ ತಾನೇ? ಕೈಯನ್ನೂ ಎತ್ತು, ಟೋಪಿಯನ್ನೂ ಎತ್ತು. ಎರಡೂ ಪರ. ಯಾರು ಕೇಳ್ತಾರೆ?”

“ಯಾರೂ ಕೇಳೋದಿಲ್ಲ.”

“ಮತ್ತೇನು?”

“ಯಾರೂ ಕೇಳೋದಿಲ್ಲ ಅನ್ನೋದೇ ಕಷ್ಟವಾಗಿದೆ, ಅಕ್ಕ.”

ಅಕ್ಕ ಕರವಸ್ತ್ರವನ್ನು ಮಡಚಿ ಅವನ ಜೇಬಿಗೆ ತುರುಕಿದರು.

ಸಭೆ ನಡೆದದ್ದು ಕ್ಯಾಂಟೀನಿನ ಮೇಲಿನ ಸಭಾಂಗಣದಲ್ಲಿ. ಅಧ್ಯಕ್ಷರನ್ನು ಎಲ್ಲರೂ ‘ದೊಡ್ಡಣ್ಣ’ ಎಂದೇ ಕರೆಯುತ್ತಿದ್ದರು. ಕಿವಿಯ ತೊಂದರೆಯಿಂದ ಹಾರಾಟ ಬಿಟ್ಟು ವರ್ಷಗಳಾಗಿದ್ದರೂ ಅವರ ಅಂಗಿಯ ಇಸ್ತ್ರಿ ಇನ್ನೂ ಕಾಕ್‌ಪಿಟ್ಟಿಗೆ ಹೊರಟವರ ಹಾಗೇ ಇರುತ್ತಿತ್ತು.

“ಸಂಘ ನಮಗೇ ಟೋಪಿ ಹಾಕ್ತಿದೆ,” ಎಂದು ಶುರುಮಾಡಿದನು ಗಡ್ಡದ ಕೋ-ಪೈಲಟ್ ಒಬ್ಬ.

“ನಿನ್ನ ತಲೆ ಮೇಲಿರೋ ಟೋಪಿ ಕಂಪನೀದಪ್ಪ, ನಮ್ಮದಲ್ಲ,” ಎಂದರು ದೊಡ್ಡಣ್ಣ. ಸಭೆ ನಕ್ಕಿತು. “ಸಂಘ ಅಂದ್ರೆ ಯಾರು? ನೀವೇ ತಾನೇ?”

“ಚಂದಾ ಕೇಳುವಾಗ ನಾವೇ. ಸಹಿ ಹಾಕುವಾಗ ಮಾತ್ರ ನೀವೊಬ್ರೇ.”

ಈ ಸಲದ ನಗೆ ದೊಡ್ಡಣ್ಣನವರ ಕಡೆಯದಾಗಿರಲಿಲ್ಲ. ಮೊದಲ ಸಾಲಿನಲ್ಲಿ ಕುಳಿತಿದ್ದ, ನಿವೃತ್ತಿಯ ಅಂಚಿನ ಹಿರಿಯ ಮಹಿಳಾ ಕ್ಯಾಪ್ಟನ್ ಕನ್ನಡಕ ಒರೆಸುತ್ತ, “ಬಸ್ಸಲ್ಲಿ ಕೂತಿದ್ದೂ ವಿಶ್ರಾಂತಿ ಅಂದ್ರೆ, ಡ್ರೈವರ್‌ಗೂ ಸ್ವಲ್ಪ ತಗೊಳ್ಳಪ್ಪ ಅಂತ ಹೇಳೋಣ್ವಾ?” ಎಂದು ಕೇಳಿದರು.

“ಅಮ್ಮಾ, ನೀವು ಹೇಳೋದು ಸರಿ. ನಾನು ಹಾರಿಸದೆ ಎಷ್ಟೋ ಕಾಲವಾಯ್ತು, ಅದನ್ನೂ ಒಪ್ತೀನಿ.” ದೊಡ್ಡಣ್ಣನವರ ದನಿ ತಗ್ಗಿತು. “ಆದ್ರೆ ಆ ಮಕ್ಕಳು ಮನೆ ಮಾಡಿದ್ದಾರೆ ಇಲ್ಲಿ. ಅಪ್ಪ ಅಮ್ಮ ಇದ್ದಾರೆ, ಸ್ಕೂಲಿಗೆ ಹೋಗೋ ಪುಟ್ಟವು ಇವೆ. ಎತ್ತಿ ಬಿಸಾಡ್ತೀವಿ ಅಂದ್ರು. ನಿದ್ದೆ ಕೊಟ್ಟು ಮನೆ ಉಳಿಸಿಕೊಂಡು ಬಂದೆ. ಅದಕ್ಕಿಂತ ಒಳ್ಳೇದು ತರೋ ಗಂಡಸೋ ಹೆಂಗಸೋ ಇದ್ರೆ ಈ ಕುರ್ಚಿ ಇಲ್ಲೇ ಇದೆ.”

ಆ ಮಾತಿನಲ್ಲಿ ಕಪಟವಿರಲಿಲ್ಲ. “ಪರ ಇರೋರು ಎತ್ತಿ,” ಎಂದರು ಅವರು.

ಅವನು ಬಲಗೈ ಎತ್ತಿದನು. ಎಡಗೈ ಮಡಿಲಲ್ಲಿದ್ದ ಟೋಪಿಯ ಮೇಲಿತ್ತು. ಅದನ್ನೂ ಎತ್ತಿದರೆ ಅವಳು ಉಳಿಯಬಹುದಿತ್ತು. ಸುತ್ತಲಿನವರು ಯಾರೂ ಇವನತ್ತ ನೋಡುತ್ತಿರಲಿಲ್ಲ. ಹೆದರಿಕೆಯಾಗಬೇಕಿತ್ತು, ಇಲ್ಲವೇ ಆಸೆಯಾಗಬೇಕಿತ್ತು. ಎರಡೂ ದೂರದಲ್ಲೆಲ್ಲೋ, ದಪ್ಪ ಗಾಜಿನಾಚೆ, ಸದ್ದಿಲ್ಲದೆ ಓಡಾಡುತ್ತಿದ್ದವು. ಎಡಗೈ ಅಲುಗಲಿಲ್ಲ.

“ವಿರೋಧ ಇರೋರು.”

ಅವನು ಟೋಪಿಯನ್ನು ಎತ್ತಿದನು.

ತಲೆಗಳು ಹೊರಳಿದವು. “ಏನ್ರೀ ಕ್ಯಾಪ್ಟನ್, ಅಲ್ಲೂ ಸೈ ಇಲ್ಲೂ ಸೈ?” ಎಂದು ಹಿಂದಿನಿಂದ ಯಾರೋ ಕೇಳಿದರು.

ದೊಡ್ಡಣ್ಣ ಆ ಟೋಪಿಯ ಅಳತೆಯಿಂದಲೇ ಅದು ಯಾರದೆಂದು ಗುರುತಿಸಿದರು. “ಇವರು ಹೋಗದಿರಲಿ ಅಂತ ತಾನೇ ನಾನು ಅಷ್ಟು ಜಗಳ ಆಡಿದ್ದು? ಇವರೇ ವಿರೋಧ ಅಂದ್ರೆ ಹೇಗೆ? ಎಣಿಸೋಕೆ ಮುಂಚೆ ಟೋಪಿ ಪರವಾಗಿ ಎರಡು ಮಾತು ಹೇಳಿ ಕ್ಯಾಪ್ಟನ್. ಕೇಳೋಣ.”

ಅವನು ಎದ್ದು ನಿಂತನು. ಸಭೆಯಲ್ಲಿ ಅವನು ಬಾಯಿ ಬಿಟ್ಟದ್ದನ್ನು ಹೆಚ್ಚಿನವರು ಕಂಡಿರಲಿಲ್ಲ.

“ಅವರು ಹೇಳಿದ್ದನ್ನ ಅವರ ಮಾತಲ್ಲೇ ಹೇಳ್ತೀನಿ. ‘ಹೋದ ತಿಂಗಳು ಒಂದು ದಿನ, ಇಳಿಯೋಕೆ ಮುಂಚೆ, ಚಕ್ರ ಇಳಿದು ಲಾಕ್ ಆಗಿದೆಯಾ ಅಂತ ಕೇಳಿದೆ. ಪಕ್ಕದಲ್ಲಿದ್ದವರು ಆಗಿದೆ ಅಂದ್ರು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದೆ. ಅವರು ಮತ್ತೆ ಆಗಿದೆ ಅಂದ್ರು. ಎರಡು ಸಲ ಕೇಳಿದ್ದು ನನಗೆ ಗೊತ್ತಾಗಲಿಲ್ಲ, ಎರಡು ಸಲ ಉತ್ತರ ಕೊಟ್ಟಿದ್ದು ಅವರಿಗೆ ಗೊತ್ತಾಗಲಿಲ್ಲ. ಹೋಟೆಲ್ ಬಸ್ಸಲ್ಲಿ ಕೂತ ಮೇಲೆ ನನಗೆ ನೆನಪಾಯ್ತು. ಹಿಂದೆ ಇನ್ನೂರು ಜನ ಕೂತಿದ್ರು. ಅವರಲ್ಲಿ ಯಾರಿಗೂ ಈ ಸಂಘದಲ್ಲಿ ಮತ ಇಲ್ಲ.’ ಅಷ್ಟೇ.”

“ಪಕ್ಕದಲ್ಲಿದ್ದವರು ಯಾರು?” ಎಂದು ಗಡ್ಡದವನು ಕೇಳಿದನು. ಈಗ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ.

“ನಾನು.”

ಹಿರಿಯ ಮಹಿಳಾ ಕ್ಯಾಪ್ಟನ್ ಕನ್ನಡಕವನ್ನು ಮೆಲ್ಲನೆ ಹಾಕಿಕೊಂಡರು. ದೊಡ್ಡಣ್ಣ ತಮ್ಮ ಅಂಗೈಯನ್ನು ನೋಡಿಕೊಂಡು, “ಇನ್ನೊಂದ್ಸಲ ಎತ್ತಿಸೋಣ,” ಎಂದರು.

ಒಪ್ಪಂದ ಬಿದ್ದುಹೋಯಿತು. ಎರಡನೆಯ ಸಲ ಪರವಾಗಿ ಎದ್ದ ಕೈಗಳು ಕೆಲವೇ ಕೆಲವು. ಅವುಗಳಲ್ಲಿ ಒಂದು ಅವನದು.

ಸಂಜೆ ಅವಳು ಹಾರಾಟ ಮುಗಿಸಿ ವಿಶ್ರಾಂತಿ ಕೊಠಡಿಗೆ ಬಂದಾಗ ಅವನು ಉದ್ದನೆಯ ಸೋಫಾದ ತುದಿಯಲ್ಲಿ ಕುಳಿತಿದ್ದನು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಟೋಪಿಯನ್ನು ಅವನಿಂದ ತೆಗೆದುಕೊಂಡು ಚೀಲಕ್ಕೆ ಹಾಕಿ, ಸೋಫಾದ ಇನ್ನೊಂದು ತುದಿಯಲ್ಲಿ ಕುಳಿತಳು.

“ಎಲ್ಲರೂ ಹೇಳ್ತಿದ್ದಾರೆ. ನಾನೇ ಬಂದಿದ್ರೂ ಅಷ್ಟು ಚೆನ್ನಾಗಿ ಹೇಳ್ತಿರಲಿಲ್ಲವಂತೆ.”

“ನೀವು ಹೇಳಿಕೊಟ್ಟಿದ್ದೇ.”

“ನಿಮಗೇ ಯಾಕೆ ಕೊಟ್ಟೆ ಅಂತ ಕೇಳಿದ್ರಲ್ಲ. ನನ್ನ ಮಾತು ಇಷ್ಟ ಆಗದಿದ್ರೂ ಅದನ್ನ ಬದಲಾಯಿಸದೆ ಹೇಳೋರು ಬೇಕಿತ್ತು. ನಮ್ಮ ಸಂಘದಲ್ಲಿ ಅಂಥೋರು ಒಬ್ರೇ.” ಅವಳು ಶೂಗಳ ಲೇಸು ಸಡಿಲಿಸುತ್ತ ಕಣ್ಣೆತ್ತದೆ ಕೇಳಿದಳು: “ಅಷ್ಟೆಲ್ಲ ಹೇಳಿ, ಎರಡನೇ ಸಲವೂ ಪರ ಅಂತಲೇ ಕೈ ಎತ್ತಿದ್ರಂತೆ. ನನ್ನ ಮಾತು ನೀವೇ ನಂಬಲಿಲ್ವಾ?”

“ನಂಬಿದೆ.”

“ಮತ್ತೆ?”

“ಒಪ್ಪಂದ ಬಿದ್ರೆ ನೀವು ಹೋಗ್ತೀರಿ.”

ಲೇಸಿನ ಮೇಲಿದ್ದ ಅವಳ ಬೆರಳುಗಳು ಅಲ್ಲೇ ನಿಂತವು. ಕಿವಿಯ ತುದಿ ಮೊದಲು ಕೆಂಪಾಯಿತು, ಬಳಿಕ ಕೆನ್ನೆ. ಅವನು ಅದನ್ನೆಲ್ಲ ಗಮನವಿಟ್ಟು ನೋಡಿದನು. ಎಷ್ಟೋ ಕಾಲದ ಮೇಲೆ ಒಂದು ಬಣ್ಣ ಬಣ್ಣವಾಗಿಯೇ ಅವನ ಕಣ್ಣಿಗೆ ಬಿದ್ದಿತ್ತು.

“ಅಷ್ಟಕ್ಕೇನಾ?”

“ಅಷ್ಟಕ್ಕೇ.”

“ಇದನ್ನ ನಿನ್ನೆಯೇ ಹೇಳಿದ್ದಿದ್ರೆ ಟೋಪಿ ಬೇರೆಯವರ ಕೈಗೆ ಕೊಡ್ತಿದ್ದೆ.”

“ನಿನ್ನೆ ನನಗೂ ಸರಿಯಾಗಿ ಗೊತ್ತಿರಲಿಲ್ಲ.”

ಅವಳು ನಕ್ಕಳು. ನಗು ಮುಗಿದ ಮೇಲೆ ಅವಳ ಮುಖ ಗಂಭೀರವಾಯಿತು. “ನಾನೂ ಒಂದು ಹೇಳಬೇಕು. ಸಭೇಲಿ ಹೇಳೋ ಅಂಥದ್ದಲ್ಲ ಅಂತ ನಿನ್ನೆ ಬಿಟ್ಟಿದ್ದೆ. ಆವತ್ತು ಬಸ್ಸಲ್ಲಿ ನನಗೆ ಹೆದರಿಕೆ ಆಗಿದ್ದು ನಾನು ಮರೆತದ್ದಕ್ಕಲ್ಲ. ಎರಡನೇ ಸಲ ನೀವು ಆಗಿದೆ ಅಂದ್ರಲ್ಲ, ಆ ದನಿ ನೆನಪಾಗಿ. ಈ ಮನುಷ್ಯ ನಿದ್ದೆ ಮಾಡಿ ಎಷ್ಟು ಕಾಲವಾಗಿರಬೇಕು ಅನ್ನಿಸ್ತು. ವಿಶ್ರಾಂತಿ ಇನ್ನೂ ಕಡಿಮೆ ಮಾಡ್ತಾರಂತೆ ಅಂದಾಗ, ನನ್ನ ವರ್ಗ ಆದ್ರೆ ಆಗಲಿ ಅಂದುಕೊಂಡೆ.”

ಅವನ ಎದೆಯಲ್ಲಿ ಮರಗಟ್ಟಿದ್ದುದೇನೋ ಜೋಮು ಬಿಡುವಾಗ ಚುಚ್ಚುವ ಹಾಗೆ ಚುಚ್ಚತೊಡಗಿತು. ಸುಖವೆನಿಸಲಿಲ್ಲ. ಆದರೂ ಅದು ನಿಲ್ಲದಿರಲಿ ಎನಿಸಿತು.

“ಆದೇಶ ಯಾವಾಗ ಬರುತ್ತೆ?”

“ಮುಂದಿನ ತಿಂಗಳು ಅಂತಾರೆ.”

“ಆ ಊರಿನ ಫ್ಲೈಟುಗಳನ್ನ ನಾನು ಕೇಳಿ ಹಾಕಿಸಿಕೊಳ್ತೀನಿ. ಹಿರಿತನ ಇದೆ. ಇಷ್ಟು ವರ್ಷ ಅದನ್ನ ಯಾತಕ್ಕೂ ಬಳಸಿಲ್ಲ.”

“ಬನ್ನಿ. ಬಂದ್ರೆ ಪೂರ್ತಿ ವಿಶ್ರಾಂತಿ ಸಿಗುತ್ತೆ, ಬಸ್ಸಿನ ಹೊತ್ತು ಬಿಟ್ಟು.” ಓರೆನೋಟ ಬಂದಿತು. “ಅದರಲ್ಲಿ ಅರ್ಧ ನಿದ್ದೆಗೆ. ಇನ್ನರ್ಧದ ಬಗ್ಗೆ ಮಾತುಕತೆ ನಡೆಸಬಹುದು. ದೊಡ್ಡಣ್ಣ ಬೇಡ, ನಾವೇ ಸಾಕು.”

ಅವನ ತುಟಿ ನಗುವಿಗೆ ಸಿದ್ಧವಾಗುತ್ತಿದ್ದಂತೆಯೇ ಕಣ್ಣುಗಳು ಭಾರವಾದವು. ಅವಳು ಕರಾವಳಿಯ ನೆಲೆಯ ಸುದ್ದಿ ಏನೋ ಹೇಳುತ್ತಿದ್ದಳು. ಅಲ್ಲಿನ ರನ್‌ವೇಯ ಗಾಳಿ ಪಕ್ಕದಿಂದ ತಳ್ಳುತ್ತದಂತೆ. ಕೇಳುತ್ತ ಕೇಳುತ್ತ ಅವನ ತಲೆ ಸೋಫಾದ ಬೆನ್ನಿಗೆ ಒರಗಿತು.

ಎಷ್ಟು ಹೊತ್ತಾಯಿತೋ, ಫೋನು ಮೊಳಗಿತು. ಅದು ತನ್ನದೆಂದು ಅವನಿಗೆ ಅರೆನಿದ್ದೆಯಲ್ಲೂ ತಿಳಿಯಿತು. ಕೈ ಮಾತ್ರ ಏಳಲಿಲ್ಲ. ಅವಳು ಎತ್ತಿಕೊಂಡಳು.

“ಹಲೋ… ಅಲ್ಲ, ನಾನು ಅವರ ಜೊತೆ ಕೆಲಸ ಮಾಡೋಳು. ಇದ್ದಾರೆ. ನಿದ್ದೆ ಮಾಡ್ತಿದ್ದಾರೆ.”

ಅಕ್ಕನ ದನಿ ಫೋನಿನಾಚೆಗೂ ಕೇಳುವಂಥದ್ದು; ತರಗತಿಗಳನ್ನು ಆಳಿದ ದನಿ ಅದು. “ಯಾರು, ನಮ್ಮೋನಾ? ಕೂತಲ್ಲೇ ನಿದ್ದೆ ಮಾಡ್ತಿದ್ದಾನಾ?”

“ಹೌದು. ಎಬ್ಬಿಸ್ಲಾ?”

“ಬೇಡಮ್ಮ,” ಎಂದರು ಅಕ್ಕ. ದನಿ ಮುಖ್ಯೋಪಾಧ್ಯಾಯಿನಿಯದಾಗಿ ಉಳಿದಿರಲಿಲ್ಲ. “ನಿನಗೇನಾದ್ರೂ ಹೋಗೋ ಅವಸರ ಇದೆಯಾ?”

“ಇಲ್ಲ, ಅಕ್ಕ.”

ಅವನು ಕಣ್ಣು ತೆರೆಯಲಿಲ್ಲ. ಅವಳು ಫೋನನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟ ಸದ್ದು ಕೇಳಿಸಿತು. ಎದ್ದುಹೋದ ಸದ್ದು ಕೇಳಿಸಲಿಲ್ಲ.