ಬೆನ್ನಿಗೂ ಬೆರಳಿಗೂ ನಡುವೆ

“ಅಲ್ಲೇ! ಅಲ್ಲೇ ನಿಲ್ಸು ಕಣ್ಲಾ ನಟರಾಜ!” ಎನ್ನುತ್ತಾ ಚಲುವಯ್ಯ ಚಾಪೆಯಿಂದ ಎದ್ದೇಬಿಟ್ಟರು.

ನಟರಾಜು ರಿಮೋಟ್ ಒತ್ತಿದ. ಟಿವಿಯಲ್ಲಿ ಖೊ ಖೊ ಆಟ ನಿಂತಿತು. ಓಡುತ್ತಿದ್ದ ಪವಿತ್ರಾ, ಹಿಂದಿನಿಂದ ಕೈ ಚಾಚಿದ್ದ ಗೌತಮಿ, ಇಬ್ಬರೂ ಬಾಚಣಿಗೆಯ ಹಲ್ಲಿನಂತೆ ಗೀರು ಗೀರಾಗಿದ್ದರು. ಆದರೂ ಒಂದು ಸಂಗತಿ ಚೆನ್ನಾಗಿಯೇ ಕಾಣುತ್ತಿತ್ತು. ಗೌತಮಿಯ ಕೈ ಪವಿತ್ರಾಳ ಬೆನ್ನ ಮೇಲಿತ್ತು.

“ಮುಟ್ಟವ್ಳೆ ನೋಡ್ರಪ್ಪಾ! ನಾನೇನ್ ಹೇಳಿದ್ದೆ?”

ಗೌತಮಿ ತನ್ನ ತಾತ ಚಲುವಯ್ಯನವರ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ಭೇರ್ಯದಲ್ಲಿ ನಡೆದ ಹೋಬಳಿ ಮಟ್ಟದ ಆಟದಲ್ಲಿ ಅವಳ ಶಾಲೆ ಒಂದೇ ಪಾಯಿಂಟಿನಿಂದ ಸೋತು ಎಂಟು ದಿನವಾಗಿತ್ತು. ಪವಿತ್ರಾ ಇದೇ ಬೀದಿಯವಳು, ಆದರೆ ಬೇರೆ ಸ್ಕೂಲು. ಕೊನೇ ಗಳಿಗೆಯಲ್ಲಿ ಅಂಪೈರ್ ಅವಳಿಗೆ ಔಟ್ ಕೊಡಲಿಲ್ಲ.

ಅವತ್ತು ಗೌತಮಿ ಅಳುತ್ತಾ ಮನೆಗೆ ಬಂದು, “ನಾನು ಮುಟ್ಟಿದ್ದೆ ತಾತ” ಅಂದಿದ್ದಳು. ಅವಳು ಅಂದದ್ದು ಅಷ್ಟೇ. ಉಳಿದದ್ದನ್ನು ತಾತ ನೋಡಿಕೊಂಡರು. ಮಾರನೇ ದಿನ ಹಾಲಿನ ಡೇರಿಯ ಮುಂದೆ ಅದು ‘ಅಂಗಿ ಹಿಡ್ದಿದ್ಲು’ ಎಂದಾಯಿತು. ಮೂರನೇ ದಿನದ ಮಾತಿನಲ್ಲಿ ಅಂಗಿಯ ಗುಂಡಿಯೇ ಕಿತ್ತು ಬಂತು. ಅಲ್ಲಿಂದಾಚೆಗೆ ಪವಿತ್ರಾ ಗೌತಮಿಯ ಜೊತೆ ಮಾತು ಬಿಟ್ಟಿದ್ದಳು.

ಈಗ ಪವಿತ್ರಾಳ ಅಜ್ಜಿ ಸಿದ್ದಲಿಂಗಮ್ಮ ಒಳಗೆ ಬಂದು ಕೂತಿದ್ದರು. ಪವಿತ್ರಾ ಮಾತ್ರ ಬಾಗಿಲಲ್ಲೇ ನಿಂತಿದ್ದಳು.

“ಇದೇನ್ಲಾ ನಟರಾಜ, ನಮ್ ಹುಡ್ಗೀನ ಇಂಗೆ ಸಿಗ್ದಾಕಿದ್ದೀಯ? ಹೊಸ ಟಿವಿ ಅಂತಾರೆ, ಇದೇನಾ?” ಎಂದರು ಸಿದ್ದಲಿಂಗಮ್ಮ.

ನಟರಾಜು ಮದುವೆ ವಿಡಿಯೊ ಮಾಡುವವನು. ಶಾಲೆಯವರು ಕೇಳಿದ್ದಕ್ಕೆ ಆಟವನ್ನೂ ತೆಗೆದಿದ್ದ. “ಟಿವಿ ತಪ್ಪಲ್ಲ ಕಣಕ್ಕ. ನನ್ ಹಳೇ ಕ್ಯಾಮೆರಾ ‘ಐ’ ಅನ್ನೋ ಥರದ್ದು, ಇಂಟರ್‌ಲೇಸ್ ಅಂತ. ಒಂದ್ಸಲಕ್ಕೆ ಒಂದು ಗೆರೆ ಬುಟ್ಟು ಒಂದು ಗೆರೆ ತೆಗೀತದೆ. ಬುಟ್ಟಿದ್ ಗೆರೆಗಳ್ನ ಆಮೇಲೆ ತೆಗೀತದೆ. ರಾಗಿ ಹೊಲದಲ್ಲಿ ಮಧ್ಯ ಮಧ್ಯ ಅವರೆ ಸಾಲು ಹಾಕಲ್ವಾ, ಅಂಗೆ. ಕುಂತೋರು ಚೆನ್ನಾಗಿ ಬತ್ತಾರೆ. ಓಡೋರು ಇಂಗಾಯ್ತಾರೆ.”

“ಇಷ್ಟು ವರ್ಷ ಯಾರೂ ಕೇಳ್ಲಿಲ್ವಾ ನಿನ್ನ?”

“ಮದುವೇಲಿ ಯಾರಕ್ಕ ಓಡ್ತಾರೆ?”

ಎಲ್ಲರೂ ನಕ್ಕರು. ನಟರಾಜು ಪ್ಲೇಯರಿನ ಸೆಟ್ಟಿಂಗ್ ತೆರೆದು, 1080ಐ ಇದ್ದದ್ದನ್ನು 1080ಪಿ ಮಾಡಿದ. “ಪಿ ಹಾಕುದ್ರೆ ರಾಗಿ ಬೇರೆ, ಅವರೆ ಬೇರೆ. ಒಂದೊಂದೇ ಪೂರ್ತಿ ಚಿತ್ರ ಬತ್ತದೆ. ನೋಡಿ.”

ಗೀರುಗಳು ಮಾಯವಾದವು. ಗೌತಮಿಯ ಬೆರಳಿಗೂ ಪವಿತ್ರಾಳ ಬೆನ್ನಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಕಂಡಿತು. ನಟರಾಜು ಮುಂದಿನ ಚಿತ್ರ ಒತ್ತಿದ. ಕೈ ಈಗ ಬೆನ್ನಿದ್ದ ಜಾಗಕ್ಕೆ ಬಂದಿತ್ತು. ಬೆನ್ನು ಅಲ್ಲಿರಲಿಲ್ಲ, ಮುಂದೆ ಹೋಗಿತ್ತು.

“ಈ ಕೈನೂ ಆಗ್ಲೇ ನೋಡಿದ್ ಬೆನ್ನೂ ಒಂದೇ ಚಿತ್ರದಾಗೆ ಸೇರ್ಕೊಂಡಿದ್ವು, ಅಷ್ಟೇಯ” ಎಂದ.

ತಾತ ಕೆಮ್ಮಿದರು. “ಈ ಪಿ ಸರೀಗಿಲ್ಲ. ಐಗೇ ಹಾಕು.”

“ಯಾಕ್ ಚಲುವಣ್ಣ? ಪಿನೇ ಚೆಂದಾಗದೆ” ಎಂದರು ಸಿದ್ದಲಿಂಗಮ್ಮ.

“ಚೆಂದ ಇದ್ರೆ ಆಯ್ತಾ? ಕ್ಯಾಮೆರಾನೇ ಐ ಅಂತೆ. ಕ್ಯಾಮೆರಾ ಸುಳ್ಳು ಹೇಳ್ತದಾ?”

ಐದು ನಿಮಿಷದ ಹಿಂದೆ ಇಬ್ಬರಿಗೂ ಐ, ಪಿ ಅಂದರೇನೆಂದೇ ಗೊತ್ತಿರಲಿಲ್ಲ. ಈಗ ಒಬ್ಬರು ಐ ಪಾರ್ಟಿ, ಇನ್ನೊಬ್ಬರು ಪಿ ಪಾರ್ಟಿ. ರಿಮೋಟು ಆ ಕೈಯಿಂದ ಈ ಕೈಗೆ ಓಡಾಡಿತು. ಐನಲ್ಲಿ ಪವಿತ್ರಾ ಔಟಾದಳು. ಪಿನಲ್ಲಿ ಉಳಿದುಕೊಂಡಳು. ಮತ್ತೆ ಔಟಾದಳು.

ನಟರಾಜು ಸುಸ್ತಾದ. “ಸ್ಕೂಲಿಗೆ ನಾಳೆ ಪೆನ್‌ಡ್ರೈವ್ ಕೊಡ್ಬೇಕು. ಯಾವುದ್ರಲ್ಲಿ ಮಾಡ್ಲಿ? ಗೌತಮಿ, ಕೈ ಚಾಚ್ದೋಳು ನೀನು. ನೀನೇ ಹೇಳವ್ವ.”

ಎಲ್ಲರೂ ಅವಳ ಕಡೆ ತಿರುಗಿದರು. ಪವಿತ್ರಾ ಮಾತ್ರ ನೆಲ ನೋಡುತ್ತಿದ್ದಳು.

ಗೌತಮಿ ತನ್ನ ಬಲಗೈ ನೋಡಿಕೊಂಡಳು. ಅವತ್ತು ಆ ಬೆರಳುಗಳಿಗೆ ಬಟ್ಟೆ ಸಿಕ್ಕಿರಲಿಲ್ಲ. ಗಾಳಿ ಸಿಕ್ಕಿತ್ತು.

“ಪಿ” ಎಂದಳು.

“ಅದ್ರಲ್ಲಿ ನೀನು ಮುಟ್ಟೇ ಇಲ್ವಲ್ಲವ್ವಾ!”

“ಊಂ ತಾತ. ಮುಟ್ಟಿರ್ಲಿಲ್ಲ.”

ತಾತನಿಗೆ ಡೇರಿಯ ಮುಂದೆ ಕಿತ್ತು ಬಂದ ಗುಂಡಿ ನೆನಪಾಯಿತೋ ಏನೋ, ಎಲೆಯಡಿಕೆ ಚೀಲ ಹುಡುಕುತ್ತಾ ಒಳಮನೆಗೆ ಹೋದರು. ಚೀಲ ಅವರ ಸೊಂಟದಲ್ಲೇ ಇತ್ತು.

ಪವಿತ್ರಾ ಹೊಸ್ತಿಲು ದಾಟಿ ಬಂದು ಗೌತಮಿಯ ಪಕ್ಕದಲ್ಲಿ ಕೂತಳು. “ನಟರಾಜಣ್ಣ, ಮೊದ್ಲಿಂದ ಹಾಕಣ್ಣ.”

ಟಿವಿಯಲ್ಲಿ ಇಬ್ಬರೂ ಓಡಿದರು. ಎಲ್ಲೂ ಗೀರಿರಲಿಲ್ಲ. ಆ ಜಾಗ ಬಂದಾಗ ಪವಿತ್ರಾ ಕೂತಲ್ಲೇ ಬೆನ್ನನ್ನು ಮುಂದಕ್ಕೆ ಎಳೆದುಕೊಂಡಳು.

“ಅಯ್ಯಪ್ಪಾ! ಎಷ್ಟ್ ಹತ್ರ ಬಂದಿದ್ಯೇ ನೀನು!”

ಗೌತಮಿ ಆ ನಾಲ್ಕು ಬೆರಳಿನ ಜಾಗವನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಪವಿತ್ರಾಳ ಮೊಣಕೈ ಅವಳ ಮೊಣಕೈಗೆ ತಾಗುತ್ತಿತ್ತು.